ಟರ್ಬೊ ಕಾರಿನ ಎಕ್ಸಾಸ್ಟ್ ಮ್ಯಾನಿಫೋಲ್ಡ್ ಸ್ಟಡ್ ಮುರಿದಿದೆ: ತೆಗೆಯೋದು ಹೇಗೆ, ಮತ್ತೆ ಮುರಿಯದ ಹಾಗೆ ಕೂರಿಸೋದು ಹೇಗೆ?

ನಾಲ್ಕನೇಗೇರ್

ಎಲ್ಲರಿಗೂ ನಮಸ್ಕಾರ. ನನ್ನದು ನಾಲ್ಕು ಸಿಲಿಂಡರಿನ ಟರ್ಬೊ ಪೆಟ್ರೋಲ್ ಗಾಡಿ. ಅಲ್ಯೂಮಿನಿಯಂ ಹೆಡ್, ಸಿಲಿಂಡರುಗಳ ಹೊಗೆಯನ್ನ ಒಟ್ಟು ಸೇರಿಸೋ ಬೀಡುಕಬ್ಬಿಣದ ಎಕ್ಸಾಸ್ಟ್ ಮ್ಯಾನಿಫೋಲ್ಡ್, ಟರ್ಬೊ ಆ ಮ್ಯಾನಿಫೋಲ್ಡಿಗೇ ಬೋಲ್ಟ್ ಆಗಿದೆ. ಕೆಲವು ತಿಂಗಳಿಂದ ಬೆಳಗ್ಗೆ ಸ್ಟಾರ್ಟ್ ಮಾಡಿದ ತಕ್ಷಣ ಟಕ್ ಟಕ್ ಅಂತ ಸದ್ದು ಬರ್ತಿತ್ತು, ಎಂಜಿನ್ ಬಿಸಿಯಾದ ಮೇಲೆ ನಿಂತುಹೋಗ್ತಿತ್ತು. ಗ್ಯಾರೇಜಿನಲ್ಲಿ ಟ್ಯಾಪೆಟ್ (ವಾಲ್ವ್ ಒತ್ತೋ ಭಾಗ) ಸದ್ದು ಅಂದರು. ಈಗ ಪಿಕಪ್ ಕೂಡ ಕಮ್ಮಿ ಅನಿಸೋಕೆ ಶುರುವಾದ ಮೇಲೆ ಹೀಟ್ ಶೀಲ್ಡ್ ಬಿಚ್ಚಿ ನೋಡಿದೆ. ನಾಲ್ಕನೇ ಸಿಲಿಂಡರಿನ ಹತ್ತಿರ ಮ್ಯಾನಿಫೋಲ್ಡನ್ನ ಹೆಡ್ಡಿಗೆ ಹಿಡಿದಿಡೋ ಮೇಲಿನ ಸ್ಟಡ್ (ತಲೆ ಇಲ್ಲದ ಬೋಲ್ಟ್) ಮುರಿದು ನಟ್ ಸಮೇತ ಬಿದ್ದುಹೋಗಿದೆ. ಟಾರ್ಚ್ ಹಾಕಿ ಕನ್ನಡಿ ಹಿಡಿದರೆ ಅದೇ ತುದಿಯ ಕೆಳಗಿನ ಸ್ಟಡ್ಡೂ ಇಲ್ಲ. ಸುತ್ತ ಹೆಡ್ಡಿನ ಮೇಲೆಲ್ಲ ಕಪ್ಪು ಮಸಿ.

ಮ್ಯಾನಿಫೋಲ್ಡ್ ಇಳಿಸೋದಂತೂ ಖಚಿತ. ಆದರೆ ಒಳಗೆ ಸಿಕ್ಕಿಕೊಂಡಿರೋ ತುಂಡು ತೆಗೆಯೋಕೆ ಯಾವ ದಾರಿ ಸರಿ? ಮುರಿದ ಎರಡು ಮಾತ್ರ ಬದಲಾಯಿಸಿದರೆ ಸಾಕಾ? ಹೊಸದು ಹಾಕಿದ ಮೇಲೆ ಮತ್ತೆ ಅದೇ ಜಾಗದಲ್ಲಿ ಮುರಿಯುತ್ತೆ ಅಂತ ಬಹಳ ಜನ ಹೇಳ್ತಾರೆ, ಅದಕ್ಕೆ ಕಾರಣ ಏನು?

ಹಳೇಪಾನಾ

ತಣ್ಣಗಿರುವಾಗ ಸದ್ದು, ಬಿಸಿಯಾದ ಮೇಲೆ ಮೌನ. ಇದು ಮ್ಯಾನಿಫೋಲ್ಡ್ ಲೀಕಿನ ಲಕ್ಷಣವೇ. ಕಬ್ಬಿಣ ಹಿಗ್ಗಿ ಸಂದು ಮುಚ್ಚಿಕೊಳ್ಳುತ್ತೆ, ಅದಕ್ಕೆ ಸದ್ದು ನಿಲ್ಲುತ್ತೆ. ಲೀಕ್ ನಿಂತಿತು ಅಂತ ಅಲ್ಲ, ಕಿವಿಗೆ ಕೇಳಿಸುವಷ್ಟು ಇಲ್ಲ ಅಷ್ಟೇ. ಟ್ಯಾಪೆಟ್ ಸದ್ದಿಗೂ ಇದಕ್ಕೂ ವ್ಯತ್ಯಾಸ ಬೇಕು ಅಂದರೆ, ತಣ್ಣನೆ ಎಂಜಿನ್ ಸ್ಟಾರ್ಟ್ ಮಾಡಿ ಆಕ್ಸಿಲರೇಟರ್ ಮೆಲ್ಲಗೆ ಒತ್ತಿ. ಲೋಡ್ ಏರಿದ ಹಾಗೆ ಸದ್ದು ಚುರುಕಾಗಿ, ಗಾಳಿ ಚಿಮ್ಮಿದ ಹಾಗೆ ಆದರೆ ಅದು ಎಕ್ಸಾಸ್ಟ್ ಲೀಕ್. ಮೆದು ರಬ್ಬರ್ ಪೈಪಿನ ಒಂದು ತುದಿ ಕಿವಿಗೆ ಹಿಡಿದು ಇನ್ನೊಂದು ತುದಿ ಫ್ಲಾಂಜಿನುದ್ದಕ್ಕೂ (ಹೆಡ್ಡಿಗೆ ಕೂರೋ ಮ್ಯಾನಿಫೋಲ್ಡಿನ ಪಟ್ಟಿ) ಓಡಿಸಿದರೆ ಯಾವ ಪೋರ್ಟು (ಹೊಗೆ ಹೊರಬರೋ ಬಾಯಿ) ಅಂತಲೂ ಗೊತ್ತಾಗುತ್ತೆ. ಫ್ಯಾನ್, ಬೆಲ್ಟಿಗೆ ಕೈ, ಪೈಪು ಸಿಕ್ಕದ ಹಾಗೆ ನೋಡಿಕೊಳ್ಳಿ.

ಪಿಕಪ್ ಕಮ್ಮಿ ಆಗಿದ್ದು ಸಹಜ. ಟರ್ಬೊ ತಿರುಗೋದೇ ಸಿಲಿಂಡರಿನಿಂದ ಬರೋ ಬಿಸಿ ಹೊಗೆಯ ಒತ್ತಡದಿಂದ. ಟರ್ಬೈನಿಗೆ ಮುಂಚೆಯೇ ಅದು ಸೋರಿಹೋದರೆ ಬೂಸ್ಟ್ ತಡವಾಗಿ ಬರುತ್ತೆ. ಟರ್ಬೊ ಇಲ್ಲದ ಗಾಡಿಯಲ್ಲಿ ಇದು ಬರೀ ಸದ್ದಿನ ತೊಂದರೆ ಅಂತ ಕೆಲವರು ಸಹಿಸಿಕೊಳ್ತಾರೆ. ಟರ್ಬೊದಲ್ಲಿ ಹಾಗೆ ಬಿಡಬಾರದು.

ನಿಮ್ಮ ಕೊನೇ ಪ್ರಶ್ನೆಯೇ ಮುಖ್ಯ. ತುಂಡು ತೆಗೆಯೋದು ಕಷ್ಟದ ಕೆಲಸ, ಆದರೆ ತಾಳ್ಮೆ ಇದ್ದರೆ ಆಗುತ್ತೆ. ಯಾಕೆ ಮುರೀತು ಅಂತ ಹುಡುಕದೆ ಹೊಸ ಸ್ಟಡ್ ಹಾಕಿದರೆ ಇಡೀ ಕೆಲಸ ಇನ್ನೊಮ್ಮೆ ಮಾಡಬೇಕಾಗುತ್ತೆ.

ಅಳತೆಗಾರ

ಯಾವಾಗಲೂ ತುದಿಯ ಸ್ಟಡ್ಡೇ ಯಾಕೆ ಮುರಿಯುತ್ತೆ ಅನ್ನೋದನ್ನ ಲೆಕ್ಕ ಹಾಕಿ ನೋಡಬಹುದು.

ಬೀಡುಕಬ್ಬಿಣ ಒಂದು ಮೀಟರ್ ಉದ್ದಕ್ಕೆ ಒಂದು ಡಿಗ್ರಿ ಸೆಲ್ಸಿಯಸ್‌ಗೆ ಸುಮಾರು 11 ಮೈಕ್ರಾನ್ ಹಿಗ್ಗುತ್ತೆ, ಅಲ್ಯೂಮಿನಿಯಂ ಸುಮಾರು 23 ಮೈಕ್ರಾನ್. ಹಾಗಾದರೆ ಅಲ್ಯೂಮಿನಿಯಂ ಹೆಡ್ಡೇ ಜಾಸ್ತಿ ಹಿಗ್ಗಬೇಕಲ್ಲ ಅನಿಸುತ್ತೆ. ಆದರೆ ಹೆಡ್ಡಿನೊಳಗೆ ಕೂಲಂಟ್ ಹರಿಯುತ್ತೆ, ಅದರ ಬಿಸಿ ಹೊರಗಿನದಕ್ಕಿಂತ ಸುಮಾರು 80 ಡಿಗ್ರಿ ಮೇಲೆ ಇರುತ್ತೆ ಅಂದುಕೊಳ್ಳಿ. ಮ್ಯಾನಿಫೋಲ್ಡಿಗೆ ನೀರಿನ ಆಸರೆ ಇಲ್ಲ. ಟರ್ಬೊ ಪೆಟ್ರೋಲ್ ಎಂಜಿನ್ನಿನಲ್ಲಿ ಪೂರ್ತಿ ಲೋಡಿನಲ್ಲಿ ಹೊಗೆಯ ಬಿಸಿ 900 ಡಿಗ್ರಿ ಮುಟ್ಟುತ್ತೆ, ಅದನ್ನ ದಾಟುವ ಎಂಜಿನ್ನುಗಳೂ ಇವೆ. ಫ್ಲಾಂಜ್ ಅಷ್ಟು ಕಾಯಲ್ಲ. ಅದು 400 ಡಿಗ್ರಿ ಏರಿತು ಅಂತ ಇಟ್ಟುಕೊಳ್ಳೋಣ.

400 ಮಿಲಿಮೀಟರ್ ಉದ್ದದ ಫ್ಲಾಂಜ್ ಆಗ ಸುಮಾರು 1.76 ಮಿಲಿಮೀಟರ್ ಬೆಳೆಯುತ್ತೆ. ಅದರ ಹಿಂದಿನ ಹೆಡ್ ಬೆಳೆಯೋದು ಸುಮಾರು 0.74. ಒಂದು ಮಿಲಿಮೀಟರಿನ ವ್ಯತ್ಯಾಸ. ನಡುವೆ ಹಿಡಿದುಕೊಂಡಿದೆ ಅಂದರೆ ಎರಡೂ ತುದಿಗೆ ತಲಾ ಅರ್ಧ ಮಿಲಿಮೀಟರ್ ಜಾರಾಟ. ನಡುವಿನ ಸ್ಟಡ್ಡಿಗೆ ಇದು ತಟ್ಟೋದೇ ಇಲ್ಲ, ತುದಿಯದಕ್ಕೆ ಪೂರ್ತಿ ತಟ್ಟುತ್ತೆ. ಪ್ರತಿ ಸಲ ಬಿಸಿಯಾಗಿ ತಣ್ಣಗಾದಾಗಲೂ ಆ ಸ್ಟಡ್ ಒಮ್ಮೆ ಆ ಕಡೆ, ಒಮ್ಮೆ ಈ ಕಡೆ ಬಾಗುತ್ತೆ. ಎಷ್ಟೋ ಸಾವಿರ ಸಲ ಹಾಗಾದ ಮೇಲೆ ಥ್ರೆಡ್ಡಿನ ಬುಡದಲ್ಲಿ ಬಿರುಕು ಹುಟ್ಟುತ್ತೆ.

ಅದಕ್ಕೇ ಮ್ಯಾನಿಫೋಲ್ಡಿನ ತುದಿಯ ತೂತುಗಳನ್ನ ದೊಡ್ಡದಾಗಿ, ಕೆಲವೊಮ್ಮೆ ಮೊಟ್ಟೆಯಾಕಾರದಲ್ಲಿ ಮಾಡಿರ್ತಾರೆ. ಫ್ಲಾಂಜ್ ಜಾರೋಕೆ ಜಾಗ ಬೇಕು ಅಂತ. ಆ ಸಂದಿನಲ್ಲಿ ತುಕ್ಕು, ಮಸಿ ತುಂಬಿ ಗಟ್ಟಿಯಾದರೆ ಜಾರಾಟ ನಿಲ್ಲುತ್ತೆ, ಸ್ಟಡ್ ಪೂರ್ತಿ ಬಲ ತಿನ್ನುತ್ತೆ.

ಡೀಸೆಲ್‌ದಾರಿ

ಮುರಿದ ಮೇಲೆ ಎಷ್ಟು ದಿನ ಓಡಿಸಬಹುದು ಅಂತ ಕೇಳುವವರು ಇದನ್ನ ಓದ್ತಿದ್ದರೆ, ಓಡಿಸಬೇಡಿ ಅಂತ ಹೇಳ್ತೀನಿ. ಮ್ಯಾನಿಫೋಲ್ಡಿನಿಂದ ಬರೋ ಹೊಗೆಯಲ್ಲಿ ಕಾರ್ಬನ್ ಮೊನಾಕ್ಸೈಡ್ ಇರುತ್ತೆ. ಕ್ಯಾಟಲಿಟಿಕ್ ಕನ್ವರ್ಟರ್ ಇರೋದು ಟರ್ಬೊ ಆದಮೇಲೆ, ಹಾಗಾಗಿ ಇದು ಶುದ್ಧವಾಗದ ಹೊಗೆ. ಬಾನೆಟ್ ಒಳಗಿಂದ ಎಸಿ ಬ್ಲೋವರ್ ಅದನ್ನ ಕ್ಯಾಬಿನ್ನಿಗೆ ಎಳೆದುಕೊಳ್ಳಬಹುದು. ವಾಸನೆ ಬಾರದೆಯೂ ತಲೆನೋವು, ವಾಂತಿ ಬಂದ ಹಾಗೆ ಆದರೆ ಗಾಡಿ ನಿಲ್ಲಿಸಿ ಕೆಳಗಿಳಿಯಿರಿ.

ಎರಡನೇದು, ಚಿಮ್ಮೋ ಬಿಸಿ ಹೊಗೆ ಪಕ್ಕದ ವೈರಿಂಗ್, ಕೂಲಂಟ್ ಪೈಪು ಸುಡುತ್ತೆ. ಮೂರನೇದು, ಒಂದೇ ಜಾಗದಲ್ಲಿ ಹರಿದು ಹರಿದು ಅಲ್ಯೂಮಿನಿಯಂ ಹೆಡ್ಡಿನ ಮುಖವೇ ಸವೆದು ಹಳ್ಳ ಬೀಳುತ್ತೆ. ಸ್ಟಡ್ ಕೆಲಸ ಅಲ್ಲಿಗೆ ಹೆಡ್ ಕೆಲಸ ಆಗುತ್ತೆ.

ಹಳೇಪಾನಾ

ಈಗ ಬಿಚ್ಚುವ ವಿಷಯ. ಮುರಿದ ಎರಡಕ್ಕಿಂತ ಇನ್ನೂ ಗಟ್ಟಿಯಾಗಿರೋ ಉಳಿದವುಗಳ ಬಗ್ಗೆ ಜಾಸ್ತಿ ಎಚ್ಚರ ಬೇಕು, ಯಾಕಂದರೆ ಬಿಚ್ಚುವಾಗ ಮುರಿಯೋದು ಅವೇ.

ಹಿಂದಿನ ದಿನವೇ ಎಲ್ಲಾ ನಟ್ಟಿಗೂ ಒಳ್ಳೆ ಪೆನೆಟ್ರೇಟಿಂಗ್ ಆಯಿಲ್ ಹಾಕಿ ಬಿಡಿ. ನಟ್ಟಿನ ಹೊರಗಿನ ಥ್ರೆಡ್ಡನ್ನ ತಂತಿ ಬ್ರಷ್‌ನಿಂದ ಉಜ್ಜಿ, ನಟ್ ಹೊರಬರೋದು ಆ ದಾರಿಯಲ್ಲೇ. ಆರು ಮೂಲೆಯ ಸಾಕೆಟ್ ಮಾತ್ರ ಬಳಸಿ, ಹನ್ನೆರಡು ಮೂಲೆಯದು ತುಕ್ಕು ಹಿಡಿದ ನಟ್ಟನ್ನ ದುಂಡಗೆ ಮಾಡಿಬಿಡುತ್ತೆ. ಮೊದಲು ಬಿಗಿ ಮಾಡುವ ದಿಕ್ಕಿಗೆ ಒಂದು ಚೂರು ಅಲುಗಾಡಿಸಿ, ಆಮೇಲೆ ಸಡಿಲಿಸಿ. ಕಾಲು ಸುತ್ತು ಬಿಚ್ಚಿ, ಮತ್ತೆ ಸ್ವಲ್ಪ ಒಳಗೆ, ಮತ್ತೆ ಆಯಿಲ್. ಕೈಗೆ ಸ್ಪ್ರಿಂಗ್ ತರಹ ಎಳೆತ ಸಿಕ್ಕರೆ ಸ್ಟಡ್ ತಿರುಚಿಕೊಳ್ತಿದೆ ಅಂತ ಅರ್ಥ. ಅಲ್ಲೇ ನಿಲ್ಲಿಸಿ ನಟ್ಟಿಗೆ ಶಾಖ ಕೊಡಿ. ಇಂಡಕ್ಷನ್ ಹೀಟರ್ ಇದ್ದರೆ ಉತ್ತಮ, ಜ್ವಾಲೆ ಇಲ್ಲದೆ ನಟ್ ಮಾತ್ರ ಕೆಂಪಾಗುತ್ತೆ. ಗ್ಯಾಸ್ ಟಾರ್ಚ್ ಬಳಸೋದಾದರೆ ಹಾಕಿದ್ದ ಆಯಿಲ್ಲನ್ನ ಒರೆಸಿ, ಬೆಂಕಿ ಆರಿಸೋ ಸಿಲಿಂಡರ್ ಪಕ್ಕದಲ್ಲಿ ಇಟ್ಟುಕೊಳ್ಳಿ. ಕ್ಲೋರಿನ್ ಇರೋ ಬ್ರೇಕ್ ಕ್ಲೀನರ್ ಸಿಂಪಡಿಸಿದ ಜಾಗಕ್ಕೆ ಬೆಂಕಿಯಾಗಲಿ ವೆಲ್ಡಿಂಗ್ ಆಗಲಿ ಬೇಡವೇ ಬೇಡ. ಅದರಿಂದ ಹುಟ್ಟುವ ಫಾಸ್ಜೀನ್ ಪ್ರಾಣ ತೆಗೆಯೋ ಅನಿಲ.

ನಟ್ ಸುತ್ತಲೇ ಒಪ್ಪದಿದ್ದರೆ ಉಳಿಯಿಂದ ಅಥವಾ ನಟ್ ಸ್ಪ್ಲಿಟರ್‌ನಿಂದ ನಟ್ಟನ್ನ ಸೀಳಿ. ನಟ್ ಹೋದರೆ ಹೋಗಲಿ, ಸ್ಟಡ್ ಉಳೀತಲ್ಲ.

ಟರ್ಬೊ ಕಡೆ: ಬ್ಯಾಟರಿ ನೆಗೆಟಿವ್ ತೆಗೆದು, ಕೂಲಂಟ್ ಇಳಿಸಿ, ಆಯಿಲ್ ಫೀಡ್ ಪೈಪು, ರಿಟರ್ನ್ ಪೈಪು, ಕೂಲಂಟ್ ಪೈಪು ಬಿಚ್ಚಿದ ಕ್ಷಣವೇ ಎಲ್ಲಾ ಬಾಯಿಗಳನ್ನೂ ಕ್ಯಾಪ್ ಅಥವಾ ಶುದ್ಧ ಟೇಪಿನಿಂದ ಮುಚ್ಚಿ. ನಿಮಿಷಕ್ಕೆ ಒಂದೂವರೆ ಲಕ್ಷ ಸುತ್ತಿಗೂ ಮೀರಿ ತಿರುಗೋ ಶಾಫ್ಟು ಅದು. ತೆಳು ಎಣ್ಣೆ ಪದರದ ಮೇಲೆ ತೇಲುತ್ತೆ, ಒಂದು ಮರಳಿನ ಕಣ ಬೇರಿಂಗ್ ಕೆಡಿಸೋಕೆ ಸಾಕು. ಹೆಡ್ಡಿನ ಎಕ್ಸಾಸ್ಟ್ ಪೋರ್ಟಿಗೂ ಬಟ್ಟೆ ತುರುಕಿ. ಎಷ್ಟು ಬಟ್ಟೆ ತುರುಕಿದ್ದೀರಿ ಅಂತ ಬರೆದಿಟ್ಟುಕೊಳ್ಳಿ.

ವಾಹನಪ್ರಿಯೆ

ಇದಕ್ಕೆ ಒಂದು ಸೇರಿಸ್ತೀನಿ. ಮ್ಯಾನಿಫೋಲ್ಡ್ ಇಳಿಸುವ ಮುಂಚೆ ಟರ್ಬೊ ಕೆಳಗಿನ ಸಪೋರ್ಟ್ ಬ್ರಾಕೆಟ್ ಇದೆಯಾ ನೋಡಿ. ನಾನು ನೋಡಿದ ಗಾಡಿಗಳಲ್ಲಿ ಒಂದೇ ಕಡೆ ಎರಡು ಸ್ಟಡ್ ಮುರಿದಿದ್ದರೆ ಬಹುಪಾಲು ಆ ಬ್ರಾಕೆಟ್ ಸಡಿಲ ಆಗಿರುತ್ತೆ, ಇಲ್ಲಾ ಹಿಂದೆ ಯಾರೋ ಕೆಲಸ ಮಾಡಿದಾಗ ವಾಪಸ್ ಹಾಕಿರೋದೇ ಇಲ್ಲ. ಟರ್ಬೊ, ಅದರಿಂದ ಹೊಗೆ ಕೆಳಗೆ ಒಯ್ಯೋ ಡೌನ್‌ಪೈಪು, ಕನ್ವರ್ಟರ್ ಎಲ್ಲದರ ಭಾರ, ಅದರ ಜೊತೆಗೆ ರಸ್ತೆಯ ಅದುರಾಟ, ಎಲ್ಲವನ್ನೂ M8 (8 ಮಿಲಿಮೀಟರ್ ದಪ್ಪದ) ಸ್ಟಡ್ಡುಗಳೇ ಹೊರಬೇಕಾಗುತ್ತೆ. ಡೌನ್‌ಪೈಪಿನ ಫ್ಲೆಕ್ಸ್ ಜಾಯಿಂಟ್ ಗಟ್ಟಿಯಾಗಿದೆಯಾ, ಎಂಜಿನ್ ಮೌಂಟ್ ಕುಸಿದಿದೆಯಾ, ಸೈಲೆನ್ಸರಿನ ರಬ್ಬರ್ ಹ್ಯಾಂಗರ್ ಕಿತ್ತಿದೆಯಾ, ಇವನ್ನೂ ಒಮ್ಮೆ ನೋಡಿ.

ನಾಲ್ಕನೇಗೇರ್

ಮೇಡಂ, ನೀವು ಹೇಳಿದ್ದೇ ಸರಿ. ಬ್ರಾಕೆಟ್ ಇದೆ, ಆದರೆ ಬ್ಲಾಕಿಗೆ ಹಾಕೋ ಬೋಲ್ಟ್ ಇಲ್ಲ. ಬ್ರಾಕೆಟ್ ಸುಮ್ಮನೆ ನೇತಾಡ್ತಿದೆ.

ಮ್ಯಾನಿಫೋಲ್ಡ್ ಕೆಳಗಿಳಿದಿದೆ. ಹಳೇಪಾನಾ ಸರ್ ಹೇಳಿದ ಹಾಗೆ ಶಾಖ ಕೊಟ್ಟು ಮಾಡಿದ್ದಕ್ಕೆ ಉಳಿದ ನಟ್ಟುಗಳೆಲ್ಲ ಬಂದವು. ಒಂದೆರಡು ಕಡೆ ನಟ್ ಜೊತೆ ಸ್ಟಡ್ಡೇ ಪೂರ್ತಿ ಹೊರಬಂತು. ಈಗ ಮುರಿದವು: ಮೇಲಿನದು ಹೆಡ್ಡಿನಿಂದ ಮೂರ್ನಾಲ್ಕು ಮಿಲಿಮೀಟರ್ ಹೊರಗಿದೆ. ಕೆಳಗಿನದು ಮುಖಕ್ಕಿಂತ ಒಂದೆರಡು ಮಿಲಿಮೀಟರ್ ಒಳಗೆ, ತುದಿ ಓರೆಯಾಗಿ ಮುರಿದಿದೆ.

ಬೆಸುಗೆಕೈ

ಮೇಲಿನದಕ್ಕೆ ಯೋಚನೆ ಬೇಡ, ನಟ್ ವೆಲ್ಡ್ ಮಾಡಿ. ಈ ಕೆಲಸದಲ್ಲಿ ನನಗೆ ಇದಕ್ಕಿಂತ ನಂಬಿಕೆಯ ದಾರಿ ಬೇರೆ ಇಲ್ಲ. ಸ್ಟಡ್ ತುದಿಯನ್ನ ಚೆನ್ನಾಗಿ ಉಜ್ಜಿ, ಲೇಪನ ಇಲ್ಲದ ಕಪ್ಪು ನಟ್ ತಗೊಳ್ಳಿ. ಸತು ಲೇಪನದ್ದಾದರೆ ಅದರ ಹೊಗೆ ಉಸಿರಿಗೆ ಕೆಟ್ಟದ್ದು, ಬೆಸುಗೆಯೂ ತೂತುತೂತಾಗುತ್ತೆ. ಸ್ಟಡ್ M8 ಆದರೆ ನಟ್ M10 ಇಡಿ. ನಟ್ಟಿನ ತೂತಿನೊಳಗೆ ಮಿಗ್ ವೈರ್ ಸ್ಟಡ್ಡಿನ ತಲೆಯವರೆಗೂ ಇಳಿಯೋಕೆ ಜಾಗ ಸಿಗುತ್ತೆ. ಮೊದಲು ಸ್ಟಡ್ಡಿನ ನಡುಭಾಗದಿಂದ ಶುರು ಮಾಡಿ, ಆಮೇಲೆ ಹೊರಗೆ ನಟ್ಟಿನ ಗೋಡೆಗೆ ಬನ್ನಿ. ಉಕ್ಕಿನ ವೈರ್ ಅಲ್ಯೂಮಿನಿಯಂಗೆ ಬೆಸೆದುಕೊಳ್ಳಲ್ಲ, ಆದರೆ ಆರ್ಕ್ ನೇರ ತಗುಲಿದರೆ ಹೆಡ್ ಕರಗುತ್ತೆ. ಶುದ್ಧ ಅಲ್ಯೂಮಿನಿಯಂ ಕರಗೋದು 660 ಡಿಗ್ರಿಗೆ, ಹೆಡ್ಡಿನ ಮಿಶ್ರಲೋಹ ಇನ್ನೂ ಮುಂಚೆ. ಕೈ ಅಲುಗದ ಹಾಗೆ ಆಸರೆ ಕೊಟ್ಟುಕೊಂಡು ಮಾಡಿ.

ಬೆಸೆದ ತಕ್ಷಣ ತಿರುಗಿಸೋಕೆ ಹೋಗಬೇಡಿ. ಕೆಂಪು ಹೋಗಿ ಕಪ್ಪಗಾಗಲಿ. ಸ್ಟಡ್ ಕಾದು ಹಿಗ್ಗೋಕೆ ನೋಡಿ, ಸುತ್ತಲಿನ ಥ್ರೆಡ್ಡಿಗೆ ಒತ್ತಿ, ತಣಿಯುವಾಗ ಮತ್ತೆ ಕುಗ್ಗುತ್ತೆ. ತುಕ್ಕಿನ ಹಿಡಿತ ಬಿಡೋದು ಆಗಲೇ. ಇನ್ನೂ ಬಿಸಿ ಇರುವಾಗ ಮೇಣದ ಕಡ್ಡಿ ಮುಟ್ಟಿಸಿ, ಕರಗಿದ ಮೇಣ ಥ್ರೆಡ್ಡಿನೊಳಗೆ ಇಳಿಯುತ್ತೆ. ಆಮೇಲೆ ಸಣ್ಣ ಪಾನಾದಿಂದ ಆ ಕಡೆ ಈ ಕಡೆ ಅಲ್ಲಾಡಿಸಿ. ನಟ್ ಮುರಿದು ಬಂದರೆ ಇನ್ನೊಂದು ಹಚ್ಚಿ, ಪ್ರತಿ ಸಲದ ಶಾಖವೂ ಕೆಲಸ ಮಾಡ್ತಿರುತ್ತೆ.

ಬ್ಯಾಟರಿಯ ಎರಡೂ ತುದಿ ತೆಗೆದಿರಲಿ. ಇಸಿಯು (ಎಂಜಿನ್ ಕಂಪ್ಯೂಟರ್) ಕನೆಕ್ಟರ್ ಬಿಚ್ಚಿದರೆ ಇನ್ನೂ ನೆಮ್ಮದಿ. ಅರ್ತ್ ಕ್ಲ್ಯಾಂಪನ್ನ ಕೆಲಸದ ಜಾಗದ ಪಕ್ಕದಲ್ಲೇ, ಹೆಡ್ಡಿನ ಮೇಲೇ ಹಾಕಿ. ದೂರದ ಚಾಸಿಗೆ ಹಾಕಿದರೆ ಕರೆಂಟು ಬೇರಿಂಗು, ಸೆನ್ಸರ್ ವೈರ್ ಮೂಲಕ ದಾರಿ ಹುಡುಕುತ್ತೆ.

ಒಳಗೆ ಮುರಿದದ್ದಕ್ಕೂ ಇದೇ ದಾರಿ ಪ್ರಯತ್ನಿಸಬಹುದು. ತುಂಡಿನ ಮೇಲೆ ಚುಕ್ಕಿ ಚುಕ್ಕಿಯಾಗಿ ಬೆಸುಗೆ ಏರಿಸಿ ಮುಖದ ಮಟ್ಟಕ್ಕೆ ತಂದು, ಆಮೇಲೆ ವಾಷರ್, ಅದರ ಮೇಲೆ ನಟ್. ನನ್ನ ಪ್ರಕಾರ ಡ್ರಿಲ್ ಹಿಡಿಯೋದು ಇದು ಸೋತ ಮೇಲೆಯೇ.

ಲೇತ್‌ಮನೆ

ಬೆಸುಗೆಕೈ ಅವರ ಮಾತು ಒಪ್ತೀನಿ, ಆದರೆ ಒಂದು ಮಿತಿ ಇದೆ. ಒಂದೆರಡು ಮಿಲಿಮೀಟರ್ ಒಳಗಿದ್ದರೆ ಬೆಸುಗೆ ಸರಿ. ಅದಕ್ಕಿಂತ ಆಳ ಹೋದರೆ ಹೆಡ್ಡಿನ ಥ್ರೆಡ್ ಗೋಡೆಗೆ ಆರ್ಕ್ ತಗುಲುವ ಸಾಧ್ಯತೆ ಜಾಸ್ತಿ. ಅಲ್ಲಿ ಡ್ರಿಲ್ಲೇ ಸೈ.

ಡ್ರಿಲ್ ಮಾಡೋದಾದರೆ ಕೈಯಂದಾಜು ಬೇಡ. ಮ್ಯಾನಿಫೋಲ್ಡನ್ನೇ ಮಾದರಿಯಾಗಿ ಬಳಸಬಹುದು. ಬೇರೆ ಸ್ಟಡ್ಡುಗಳಿಂದ ಅದನ್ನ ಜಾಗಕ್ಕೆ ಕೂರಿಸಿ, ಮುರಿದ ಜಾಗದ ತೂತಿಗೆ ಸರಿಯಾಗಿ ಕೂರುವ ಒಂದು ಉಕ್ಕಿನ ಬುಷ್ ಲೇತಿನಲ್ಲಿ ಮಾಡಿಸಿ, ಬುಷ್ಷಿನ ನಡುವೆ 3 ಮಿಲಿಮೀಟರ್ ತೂತು. ಆದರೆ ಅಳತೆಗಾರ ಸರ್ ಹೇಳಿದ ಹಾಗೆ ತುದಿಯ ತೂತು ದೊಡ್ಡದಿರುತ್ತೆ, ಸ್ಟಡ್ ಅದರ ನಡುವೆ ಇಲ್ಲದೆಯೂ ಇರಬಹುದು. ಹಾಗಾಗಿ ಪೋರ್ಟಿನ ಅಂಚು, ಹೊಸ ಗ್ಯಾಸ್ಕೆಟ್ಟಿನ ತೂತು ಎರಡನ್ನೂ ನೋಡಿ ಕೇಂದ್ರ ಖಚಿತ ಮಾಡಿಕೊಳ್ಳಿ. ಓರೆ ಮುರಿದ ತುದಿಯನ್ನ ಮೊದಲು ಸಣ್ಣ ಕಾರ್ಬೈಡ್ ಬರ್‌ನಿಂದ ಮಟ್ಟ ಮಾಡದಿದ್ದರೆ ಡ್ರಿಲ್ ಬಿಟ್ ಮೆದು ಕಡೆಗೆ, ಅಂದರೆ ಅಲ್ಯೂಮಿನಿಯಂ ಕಡೆಗೆ ಜಾರುತ್ತೆ.

ಎಡಗೈ ಡ್ರಿಲ್ ಬಿಟ್ ಸಿಕ್ಕರೆ ಅದನ್ನೇ ತಗೊಳ್ಳಿ. ಅದು ಬಿಚ್ಚುವ ದಿಕ್ಕಿಗೇ ತಿರುಗುತ್ತೆ, ಎಷ್ಟೋ ಸಲ ಕೊರೆಯುತ್ತಿರುವಾಗಲೇ ತುಂಡು ಸಡಿಲವಾಗಿ ಹೊರಬರುತ್ತೆ. ನಿಧಾನ ವೇಗ, ಕಟಿಂಗ್ ಆಯಿಲ್, ಒತ್ತಡ ಬಿಡದ ಹಾಗೆ. 3, ಆಮೇಲೆ 5, ಆಮೇಲೆ 6, ಕೊನೆಗೆ ಆರೂವರೆ ಹತ್ತಿರ. M8 ಸಾಮಾನ್ಯ ಥ್ರೆಡ್ಡಿಗೆ ಟ್ಯಾಪ್ (ಥ್ರೆಡ್ ಕೊರೆಯೋ ಉಪಕರಣ) ಹಾಕೋ ಮುಂಚಿನ ಡ್ರಿಲ್ 6.8. ಕೇಂದ್ರ ಸರಿಯಿದ್ದರೆ ಉಳಿಯೋದು ಥ್ರೆಡ್ಡಿನ ತೆಳು ಸುರುಳಿ ಮಾತ್ರ, ಅದನ್ನ ಸೂಜಿ ಮೊನೆಯಿಂದ ಎಬ್ಬಿಸಿ ಟ್ಯಾಪ್ ಹಾಕಿ ಸ್ವಚ್ಛ ಮಾಡಬಹುದು.

ಈಸಿ ಔಟ್ (ತುಂಡಿನೊಳಗೆ ತೂರಿಸಿ ತಿರುಗಿಸಿ ತೆಗೆಯೋ ಎಕ್ಸ್‌ಟ್ರಾಕ್ಟರ್) ಬಗ್ಗೆ ನನ್ನ ಖಚಿತ ಅಭಿಪ್ರಾಯ: ಇಲ್ಲಿ ಬೇಡ. ಸ್ಟಡ್ಡನ್ನೇ ಮುರಿದ ತುಕ್ಕು ಅದಕ್ಕಿಂತ ಸಣ್ಣ ಎಕ್ಸ್‌ಟ್ರಾಕ್ಟರಿಗೆ ಬಗ್ಗಲ್ಲ. ಅದು ಗಡಸು ಉಕ್ಕು, ಒಳಗೆ ಮುರಿದರೆ ಮಾಮೂಲಿ ಡ್ರಿಲ್ ಅದನ್ನ ಕೊರೆಯೋದೇ ಇಲ್ಲ. ಆಮೇಲೆ ಕಾರ್ಬೈಡ್ ಅಥವಾ ವಿದ್ಯುತ್ ಕಿಡಿಯಿಂದ ಲೋಹ ಸವೆಸೋ ಸ್ಪಾರ್ಕ್ ಇರೋಷನ್‌ವರೆಗೂ ಹೋಗಬೇಕಾಗುತ್ತೆ.

ಡೀಸೆಲ್‌ದಾರಿ

ಲೇತ್‌ಮನೆ ಸರ್, ಈಸಿ ಔಟ್ ಪೂರ್ತಿ ಬೇಡ ಅನ್ನೋದನ್ನ ನಾನು ಒಪ್ಪಲ್ಲ. ನಟ್ಟಿನ ಜಾಗದಲ್ಲಿ ಆಯಾಸದಿಂದ ಮುರಿದ ಸ್ಟಡ್ ಎಷ್ಟೋ ಸಲ ಹೆಡ್ಡಿನೊಳಗೆ ಜಾಮ್ ಆಗಿರೋದೇ ಇಲ್ಲ. ಬಾಗಿ ಬಾಗಿ ಮುರಿದದ್ದು, ತಿರುಚಿ ಮುರಿದದ್ದಲ್ಲ. ಅಂಥದ್ದು ಸಣ್ಣ ಪ್ರಯತ್ನಕ್ಕೇ ಬರುತ್ತೆ.

ಲೇತ್‌ಮನೆ

ಅದು ನಿಜ, ಆ ವ್ಯತ್ಯಾಸ ಮುಖ್ಯ. ಓಡಾಟದಲ್ಲಿ ತಾನೇ ಮುರಿದ ಸ್ಟಡ್ ಬೇರೆ, ಬಿಚ್ಚುವಾಗ ನಾವು ತಿರುಚಿ ಮುರಿದ ಸ್ಟಡ್ ಬೇರೆ. ಎರಡನೇದು ಜಾಮ್ ಆಗಿರೋದಕ್ಕೇ ಮುರಿದದ್ದು. ಅದಕ್ಕೆ ಈಸಿ ಔಟ್ ಹಾಕಲೇಬಾರದು. ಮೊದಲನೇದಕ್ಕೆ ಎಡಗೈ ಡ್ರಿಲ್ ಬಿಟ್ಟೇ ಸಾಕಾಗುತ್ತೆ ಅನ್ನೋದು ನನ್ನ ಮಾತು.

ನಾಲ್ಕನೇಗೇರ್

ಮೇಲಿನದು ನಟ್ ವೆಲ್ಡಿಂಗಿನಿಂದ ಬಂತು. ಎರಡನೇ ನಟ್ಟಿಗೆ ಅಲುಗಿತು, ಮೇಣ ಹಾಕಿದ ಮೇಲೆ ಕೈಯಲ್ಲೇ ಸುತ್ತಿಕೊಂಡು ಬಂತು. ಕೆಳಗಿನದಕ್ಕೆ ವೆಲ್ಡಿಂಗ್ ಗನ್ ನೇರವಾಗಿ ತಲುಪೋ ಜಾಗ ಇಲ್ಲ. ಬುಷ್ ಮಾಡಿಸಿ ಡ್ರಿಲ್ ಮಾಡಿಸಿದೆವು. ತುಂಡು ಪೂರ್ತಿ ಹೋಯಿತು, ಆದರೆ ಅಲ್ಯೂಮಿನಿಯಂ ಥ್ರೆಡ್ ಮೊದಲೇ ಹಾಳಾಗಿತ್ತು ಅನಿಸುತ್ತೆ, ಟ್ಯಾಪ್ ಹಾಕಿದರೆ ಹಿಡಿತ ಇಲ್ಲ. ಹೆಲಿಕಾಯಿಲ್ (ಹಾಳಾದ ಥ್ರೆಡ್ಡಿನ ಬದಲು ಕೂರಿಸೋ ತಂತಿ ಸುರುಳಿ) ಹಾಕಿದರೆ ಎಕ್ಸಾಸ್ಟ್ ಬಿಸಿಗೆ ನಿಲ್ಲುತ್ತಾ?

ಲೇತ್‌ಮನೆ

ನಿಲ್ಲುತ್ತೆ. ಹೆಲಿಕಾಯಿಲ್ ತಂತಿ ಸ್ಟೇನ್‌ಲೆಸ್ ಉಕ್ಕಿನದು, ಹೆಡ್ಡಿನ ಆ ಭಾಗ ಕೂಲಂಟ್‌ನಿಂದ ತಣ್ಣಗೇ ಇರುತ್ತೆ. ಅಲ್ಯೂಮಿನಿಯಂ ಥ್ರೆಡ್ಡಿಗಿಂತ ಹಿಡಿತ ಜಾಸ್ತಿಯೇ ಆಗುತ್ತೆ. M8 ಸಾಮಾನ್ಯ ಥ್ರೆಡ್ಡಿಗೆ ಅದರ ಡ್ರಿಲ್ 8.3, ಟ್ಯಾಪ್ ಕಿಟ್ಟಿನಲ್ಲೇ ಬರುತ್ತೆ. ಸುರುಳಿಯನ್ನ ಮುಖಕ್ಕಿಂತ ಅರ್ಧದಿಂದ ಒಂದು ಥ್ರೆಡ್ ಒಳಗೆ ಇಳಿಸಿ, ತುದಿಯ ಕೊಂಡಿ ಮುರಿದು ಹೊರಗೆ ತೆಗೆಯಿರಿ. ಸ್ವಲ್ಪ ದಪ್ಪ ಗೋಡೆ ಇರೋ ಜಾಗವಾದರೆ ಟೈಮ್‌ಸರ್ಟ್ ತರಹದ ಗಟ್ಟಿ ಬುಷ್ ಇನ್ನೂ ಒಳ್ಳೇದು. ಮುಂದೆ ಸ್ಟಡ್ ಬಿಚ್ಚುವಾಗ ಸುರುಳಿ ಜೊತೆಯಲ್ಲೇ ಎದ್ದು ಬರೋ ತಲೆನೋವು ಇರಲ್ಲ.

ಕೊರೆಯುವ ಮುಂಚೆ ಆ ತೂತು ಕುರುಡು ತೂತಾ, ಕೂಲಂಟ್ ಜಾಕೆಟ್ಟಿಗೆ ತೆರೆದುಕೊಂಡಿದೆಯಾ ಅಂತ ಮ್ಯಾನುಯಲ್ ನೋಡಿ. ಕುರುಡು ತೂತಾದರೆ ಬಿಟ್ಟಿಗೆ ಟೇಪ್ ಸುತ್ತಿ ಆಳ ಗುರುತು ಮಾಡಿಕೊಳ್ಳಿ. ತೆರೆದದ್ದಾದರೆ ಸ್ಟಡ್ಡಿನ ಥ್ರೆಡ್ಡಿಗೆ ಸೀಲಂಟ್ ಬೇಕು.

ಎಲ್ಲ ಮುಗಿದ ಮೇಲೆ ಪೋರ್ಟಿನೊಳಗೆ ವ್ಯಾಕ್ಯೂಮ್ ಹಿಡಿದು, ಆಮೇಲೆ ಬಟ್ಟೆ ತೆಗೆಯಿರಿ. ಪೋರ್ಟಿನಲ್ಲಿ ಉಳಿದ ಉಕ್ಕಿನ ಚೂರು ಸ್ಟಾರ್ಟ್ ಮಾಡಿದ ಕ್ಷಣ ಹೋಗೋದು ಟರ್ಬೈನ್ ರೆಕ್ಕೆಗೆ.

ಅಳತೆಗಾರ

ಈಗ ಯಾರೂ ಕೈ ಹಾಕದ ಕೆಲಸಕ್ಕೆ ಬರೋಣ. ಮ್ಯಾನಿಫೋಲ್ಡಿನ ಮುಖ ಅಳೆಯಿರಿ. ಒಳ್ಳೆ ಸ್ಟ್ರೈಟ್ ಎಡ್ಜನ್ನ ಎಲ್ಲಾ ಪೋರ್ಟುಗಳ ಮೇಲೂ ಉದ್ದಕ್ಕೆ, ಓರೆಗೆ ಇಟ್ಟು ಫೀಲರ್ ಗೇಜ್ ತೂರಿಸಿ. ಎಷ್ಟರವರೆಗೆ ಸರಿ ಅನ್ನೋದನ್ನ ಆಯಾ ಕಂಪನಿಯ ಮ್ಯಾನುಯಲ್ಲೇ ಹೇಳಬೇಕು. 0.1 ಮಿಲಿಮೀಟರ್ ದಾಟಿದರೆ ನಾನಂತೂ ಹಾಗೇ ವಾಪಸ್ ಹಾಕಲ್ಲ. ಬಾಗಿದ ಮ್ಯಾನಿಫೋಲ್ಡನ್ನ ಹೊಸ ಸ್ಟಡ್ಡಿನಿಂದ ಎಳೆದು ನೇರ ಮಾಡೋದು ಅಂದರೆ ಮೊದಲ ದಿನದಿಂದಲೇ ತುದಿಯ ಸ್ಟಡ್ಡಿನ ಮೇಲೆ ಹೆಚ್ಚುವರಿ ಎಳೆತ ಹೇರಿದ ಹಾಗೆ.

ಇನ್ನೊಂದು, ಹಳೇ ಮ್ಯಾನಿಫೋಲ್ಡ್ ಕುಗ್ಗಿರುತ್ತೆ. ಬಿಸಿಯಲ್ಲಿ ಹಿಗ್ಗೋಕೆ ಬಿಡದೆ ಹಿಡಿದಿಟ್ಟರೆ ಕಬ್ಬಿಣ ಒಳಗೊಳಗೇ ಒತ್ತಿಕೊಂಡು ಶಾಶ್ವತವಾಗಿ ಗಿಡ್ಡವಾಗುತ್ತೆ. ತಣಿದ ಮೇಲೆ ಮೊದಲಿನ ಉದ್ದಕ್ಕೆ ಬರಲ್ಲ. ಸ್ಟಡ್ಡುಗಳಿಂದ ಬಿಡಿಸಿದ ಕೂಡಲೇ ತುದಿಯ ತೂತು ಸ್ಟಡ್ಡಿಗೆ ಹೊಂದದೆ ಹೋಗುತ್ತೆ. ಸುತ್ತಿಗೆಯಿಂದ ತಟ್ಟಿ ಕೂರಿಸಬೇಡಿ. ಸಣ್ಣ ವ್ಯತ್ಯಾಸವಾದರೆ ದುಂಡು ಅರದಿಂದ ತೂತನ್ನ ಉದ್ದ ದಿಕ್ಕಿಗೆ ಸ್ವಲ್ಪ ಅಗಲ ಮಾಡಿ, ನಟ್ಟಿನ ಕೆಳಗೆ ದಪ್ಪ ವಾಷರ್ ಕೊಡಿ. ಜಾಸ್ತಿಯಿದ್ದರೆ ಮ್ಯಾನಿಫೋಲ್ಡೇ ಬದಲಾಗಬೇಕು. ಪೋರ್ಟುಗಳ ನಡುವೆ, ಟರ್ಬೊ ಫ್ಲಾಂಜಿನ ಹತ್ತಿರ ಬಿರುಕು ಇದೆಯಾ ಅಂತ ಡೈ ಪೆನೆಟ್ರಂಟ್ (ಬಿರುಕಿಗೆ ಇಳಿದು ಅದನ್ನ ತೋರಿಸೋ ಬಣ್ಣ) ಹಾಕಿ ನೋಡಿ.

ನಾಲ್ಕನೇಗೇರ್

ಅಳೆಸಿದೆ. ನಾಲ್ಕನೇ ಪೋರ್ಟಿನ ತುದಿ 0.3 ಮಿಲಿಮೀಟರಿನಷ್ಟು ಎದ್ದಿದೆ. ಬಿರುಕು ಕಾಣಲಿಲ್ಲ. ಮುಖ ಮಿಲ್ಲಿಂಗಿಗೆ ಕೊಟ್ಟಿದ್ದೇನೆ. ಹೆಡ್ಡಿನ ಮುಖ ಸರಿಯಿದೆ. ಅದರ ಮೇಲೆ ಹಳೇ ಗ್ಯಾಸ್ಕೆಟ್ಟಿನ ಅಂಟು ಇದೆ, ಅದನ್ನ ಗ್ರೈಂಡರ್ ಪ್ಯಾಡಿನಿಂದ ತೆಗೆಯಬಹುದಾ?

ಹಳೇಪಾನಾ

ಬೇಡ. ಉಜ್ಜುವ ಪ್ಯಾಡಿನ ಪುಡಿ ಅಲ್ಯೂಮಿನಿಯಂ ಆಕ್ಸೈಡ್, ಬೇರಿಂಗಿಗೆ ಅದಕ್ಕಿಂತ ದೊಡ್ಡ ಶತ್ರು ಇಲ್ಲ. ಮುಖದಲ್ಲಿ ತಗ್ಗೂ ಬೀಳುತ್ತೆ. ಹಿತ್ತಾಳೆ ಅಥವಾ ಗಟ್ಟಿ ಪ್ಲಾಸ್ಟಿಕ್ ಸ್ಕ್ರೇಪರ್, ಗ್ಯಾಸ್ಕೆಟ್ ರಿಮೂವರ್, ಸಮಯ. ಇಷ್ಟೇ.

ಗ್ಯಾಸ್ಕೆಟ್ ಪದರ ಪದರವಾದ ಉಕ್ಕಿನದು ಸಿಕ್ಕರೆ ಅದೇ ಹಾಕಿ. ಫ್ಲಾಂಜ್ ಜಾರಾಡುವಾಗ ಅದು ಹರಿಯಲ್ಲ. ಉಬ್ಬು ಯಾವ ಕಡೆ, ಬಾಲ ಯಾವ ಕಡೆ ಅಂತ ನೋಡಿ ಕೂರಿಸಿ. ಸಿಲಿಕೋನ್, ಪೇಸ್ಟ್ ಏನೂ ಹಚ್ಚಬೇಡಿ, ಅಲ್ಲಿನ ಬಿಸಿಗೆ ಅದು ಸುಟ್ಟು ಉದುರುತ್ತೆ. ಬಿಚ್ಚಿದ ಪ್ರತಿ ಜಾಗಕ್ಕೂ ಹೊಸ ಗ್ಯಾಸ್ಕೆಟ್ಟೇ: ಹೆಡ್ಡಿಗೆ, ಟರ್ಬೊಗೆ, ಡೌನ್‌ಪೈಪಿಗೆ, ಆಯಿಲ್ ರಿಟರ್ನಿಗೆ, ಬ್ಯಾಂಜೊ ಬೋಲ್ಟಿನ (ಪೈಪು ಜೋಡಿಸೋ ಟೊಳ್ಳು ಬೋಲ್ಟ್) ತಾಮ್ರದ ವಾಷರ್‌ಗಳೂ ಸೇರಿ. ಒಮ್ಮೆ ಒತ್ತಿಹೋದ ಗ್ಯಾಸ್ಕೆಟ್ ಎರಡನೇ ಸಲ ಅದೇ ರೀತಿ ಕೂರಲ್ಲ.

ಮೊದಲಿಗೆ ಕೇಳಿದ್ದಿರಲ್ಲ, ಎರಡು ಬದಲಿಸಿದರೆ ಸಾಕಾ ಅಂತ. ಎಲ್ಲವನ್ನೂ ಬದಲಿಸಿ. ಉಳಿದವೂ ಅಷ್ಟೇ ಸಲ ಕಾದು ತಣಿದಿವೆ, ಮುರಿದ ಎರಡರ ಪಾಲಿನ ಭಾರವನ್ನೂ ಹೊತ್ತಿವೆ.

ಗಟ್ಟಿಮೆಟಲ್

ಹೊಸ ಸ್ಟಡ್ ಸ್ಟೇನ್‌ಲೆಸ್ ಹಾಕಿಸಿಬಿಡಿ, ತುಕ್ಕಿನ ಕಾಟವೇ ಇರಲ್ಲ. ಇಲ್ಲಾಂದರೆ 12.9 ದರ್ಜೆಯ ಹೈ ಟೆನ್ಸೈಲ್.

ಅಳತೆಗಾರ

ಎರಡಕ್ಕೂ ನನ್ನ ಮತ ಇಲ್ಲ, ಕಾರಣ ಹೇಳ್ತೀನಿ. ಎಲ್ಲಾ ಕಡೆ ಸಿಗೋ ಸ್ಟೇನ್‌ಲೆಸ್ ಅಂದರೆ A2-70. ಅದರ ಯೀಲ್ಡ್ ಬಲ (ಶಾಶ್ವತವಾಗಿ ಹಿಗ್ಗೋಕೆ ಶುರುವಾಗೋ ಮಿತಿ) 450 ಮೆಗಾಪಾಸ್ಕಲ್. 8.8 ದರ್ಜೆಯ ಉಕ್ಕಿನದು 640. ಅದಲ್ಲದೆ ಆ ಸ್ಟೇನ್‌ಲೆಸ್ ಡಿಗ್ರಿಗೆ ಸುಮಾರು 17 ಮೈಕ್ರಾನ್ ಹಿಗ್ಗುತ್ತೆ, ಮಾಮೂಲಿ ಉಕ್ಕು ಸುಮಾರು 12. ಕಬ್ಬಿಣದ ಫ್ಲಾಂಜಿಗಿಂತ ಸ್ಟಡ್ ಹೆಚ್ಚು ಉದ್ದವಾದರೆ ಬಿಸಿಯಲ್ಲೇ ಬಿಗಿತ ಕಳೆದುಕೊಳ್ಳುತ್ತೆ, ಬೇಕಾಗಿರೋದೇ ಆ ಹೊತ್ತಿಗೆ. ಸ್ಟೇನ್‌ಲೆಸ್ ನಟ್ ಸ್ಟೇನ್‌ಲೆಸ್ ಸ್ಟಡ್ಡಿಗೆ ಒಣಗಿದ್ದಾಗ ಕಚ್ಚಿಕೊಂಡುಬಿಡುತ್ತೆ ಕೂಡ.

12.9 ವಿಷಯ: ಆ ಗಟ್ಟಿತನ ಬಂದಿರೋದು ಹದ ಹಾಕಿದ್ದರಿಂದ. ಹದದ ಉಷ್ಣತೆಯ ಹತ್ತಿರ ದಿನಾ ಕಾಯಿಸಿದರೆ ಆ ಗಟ್ಟಿತನ ಕರಗುತ್ತಾ ಹೋಗುತ್ತೆ. ಬಾಕ್ಸಿನ ಮೇಲಿನ ಸಂಖ್ಯೆ ತಣ್ಣನೆ ಸ್ಟಡ್ಡಿನದು. ಎಂಜಿನ್ ಕಂಪನಿಯ ಎಕ್ಸಾಸ್ಟ್ ಸ್ಟಡ್ ಬಿಸಿ ತಡೆಯೋ ಮಿಶ್ರಲೋಹದ್ದಾಗಿರುತ್ತೆ, ಅದೇ ಹಾಕೋದು ಸರಿ. ರೇಸ್ ಗಾಡಿಗಳಲ್ಲಿ ಇನ್‌ಕೊನೆಲ್ 718, A286 ಬಳಸ್ತಾರೆ. ಮಾಮೂಲಿ ಉಕ್ಕು ಸೋಲೋ ಬಿಸಿಯಲ್ಲೂ ಅವು ಗಟ್ಟಿ ನಿಲ್ಲುತ್ತವೆ.

ನಿಜವಾದ ಉಪಾಯ ಬೇರೆ ಇದೆ: ಉದ್ದದ ಸ್ಟಡ್, ನಟ್ಟಿಗೂ ಫ್ಲಾಂಜಿಗೂ ನಡುವೆ ದಪ್ಪ ಉಕ್ಕಿನ ಸ್ಲೀವ್. ಕೆಲವು ಎಂಜಿನ್ನುಗಳಲ್ಲಿ ಕಂಪನಿಯೇ ಕೊಟ್ಟಿರುತ್ತೆ. ಸ್ಟಡ್ ಉದ್ದ ಇದ್ದಷ್ಟೂ ಅದೇ ಅರ್ಧ ಮಿಲಿಮೀಟರ್ ಜಾರಾಟಕ್ಕೆ ಅದು ಬಾಗೋ ಕೋನ ಕಮ್ಮಿ, ಎಳೆತದ ಸ್ಪ್ರಿಂಗ್ ಗುಣವೂ ಜಾಸ್ತಿ.

ಗಟ್ಟಿಮೆಟಲ್

ಹಿಗ್ಗುವ ಲೆಕ್ಕ ನಾನು ಯೋಚಿಸಿರಲಿಲ್ಲ ಸರ್. ಸ್ಲೀವ್ ಹಾಕಿದ್ದನ್ನ ಲಾರಿ ಎಂಜಿನ್ನುಗಳಲ್ಲಿ ನೋಡಿದ್ದೀನಿ, ಈಗ ಅರ್ಥ ಆಯಿತು. ಇನ್ನೊಂದು ಸಂದೇಹ. ಈಗ ಕೆಲವು ಎಂಜಿನ್ನುಗಳಲ್ಲಿ ಮ್ಯಾನಿಫೋಲ್ಡ್ ಹೆಡ್ಡಿನೊಳಗೇ ಸೇರಿಕೊಂಡಿದೆಯಲ್ಲ, ಅಲ್ಲಿ ಈ ಕಾಟ ಇಲ್ಲವಾ?

ವಾಹನಪ್ರಿಯೆ

ಫೋಕ್ಸ್‌ವ್ಯಾಗನ್‌ನ EA888 ಮೂರನೇ ತಲೆಮಾರಿನಲ್ಲಿ ಹಾಗಿದೆ. ಪೋರ್ಟುಗಳು ಹೆಡ್ಡಿನೊಳಗೇ ಕೂಡಿಕೊಳ್ಳುತ್ತವೆ, ಸುತ್ತ ಕೂಲಂಟ್ ಹರಿಯುತ್ತೆ, ಟರ್ಬೊ ನೇರ ಹೆಡ್ಡಿಗೆ ಬರುತ್ತೆ. ಉದ್ದನೆಯ ಫ್ಲಾಂಜೇ ಇಲ್ಲದ್ದರಿಂದ ತುದಿಯ ಜಾರಾಟ ಬಹಳ ಕಮ್ಮಿ. ಆದರೆ ಟರ್ಬೊ ಹಿಡಿಯೋ ಸ್ಟಡ್ಡುಗಳು ಅಲ್ಲೂ ಬಿಸಿಯಲ್ಲೇ ಇರುತ್ತವೆ, ಬ್ರಾಕೆಟ್ ಅಲ್ಲೂ ಬೇಕು.

ನಾಲ್ಕನೇಗೇರ್ ಅವರೇ, ಕೂರಿಸುವಾಗ ಸ್ಟಡ್ಡುಗಳನ್ನ ಹೆಡ್ಡಿನೊಳಗೆ ಕೈಬಿಗಿತಕ್ಕೆ, ಇಲ್ಲಾ ಮ್ಯಾನುಯಲ್ ಹೇಳಿದ ಸಣ್ಣ ಟಾರ್ಕಿಗೆ ಮಾತ್ರ ಹಾಕಿ. ನಟ್ಟುಗಳು ಹೊಸ ಲಾಕಿಂಗ್ ನಟ್ಟುಗಳೇ ಆಗಲಿ, ತಾಮ್ರ ಲೇಪನದ್ದಾದರೆ ಮುಂದೆ ಬಿಚ್ಚೋಕೂ ಸುಲಭ. ನಡುವಿನಿಂದ ಶುರು ಮಾಡಿ ಒಂದು ಎಡಕ್ಕೆ ಒಂದು ಬಲಕ್ಕೆ ಅಂತ ತುದಿಗಳಿಗೆ ಹೋಗಿ. ಒಂದೇ ಸಲಕ್ಕೆ ಪೂರ್ತಿ ಬಿಗಿ ಬೇಡ, ಎರಡು ಮೂರು ಹಂತದಲ್ಲಿ. M8 ನಟ್ಟಿಗೆ ಬಹಳ ಕಡೆ 20 ರಿಂದ 25 ನ್ಯೂಟನ್ ಮೀಟರ್ ಇರುತ್ತೆ, ನಿಮ್ಮ ಎಂಜಿನ್ನಿನ ಮ್ಯಾನುಯಲ್ ಏನು ಹೇಳುತ್ತೋ ಅದೇ ಅಂತಿಮ. ಜಾಸ್ತಿ ಬಿಗಿ ಮಾಡಿದರೆ ಫ್ಲಾಂಜ್ ಜಾರಲ್ಲ, ಸ್ಟಡ್ ಮುರಿಯೋದು ಇನ್ನೂ ಬೇಗ.

ಆ್ಯಂಟಿ ಸೀಜ್ (ಥ್ರೆಡ್ ಕಚ್ಚಿಕೊಳ್ಳದ ಹಾಗೆ ಮಾಡೋ ಪೇಸ್ಟ್) ಹಚ್ಚೋದಾದರೆ ನಿಕ್ಕಲ್ ಇರೋದು. ಅದು 1300 ಡಿಗ್ರಿಯವರೆಗೂ ತಡೆಯುತ್ತೆ, ತಾಮ್ರದ್ದು ಸುಮಾರು 1000. ಆದರೆ ಮ್ಯಾನುಯಲ್ಲಿನ ಟಾರ್ಕ್ ಒಣ ಥ್ರೆಡ್ಡಿಗೆ ಅಂತ ಇದ್ದರೆ, ಪೇಸ್ಟ್ ಹಚ್ಚಿ ಅದೇ ಟಾರ್ಕ್ ಕೊಟ್ಟರೆ ಸ್ಟಡ್ಡಿನ ಮೇಲೆ ಎಳೆತ ಹೆಚ್ಚಾಗಿಬಿಡುತ್ತೆ. ಇದನ್ನ ಮರೆಯಬೇಡಿ.

ಟರ್ಬೊ ಬ್ರಾಕೆಟ್ಟಿನ ಎಲ್ಲಾ ಬೋಲ್ಟುಗಳನ್ನೂ ಸಡಿಲವಾಗಿ ಹಾಕಿಟ್ಟುಕೊಂಡು, ಮ್ಯಾನಿಫೋಲ್ಡ್, ಡೌನ್‌ಪೈಪು ಬಿಗಿಯಾದ ಮೇಲೆ ಕೊನೆಗೆ ಅದನ್ನ ಬಿಗಿ ಮಾಡಿ. ಬ್ರಾಕೆಟ್ ಟರ್ಬೊವನ್ನ ಹೊರಬೇಕು, ಎಳೆಯಬಾರದು.

ಹಳೇಪಾನಾ

ಸ್ಟಾರ್ಟ್ ಮಾಡುವ ಮುಂಚೆ ಟರ್ಬೊಗೆ ಎಣ್ಣೆ ಕುಡಿಸಿ. ಫೀಡ್ ತೂತಿಗೆ ಶುದ್ಧ ಎಂಜಿನ್ ಆಯಿಲ್ ಹಾಕಿ ಶಾಫ್ಟನ್ನ ಬೆರಳಿಂದ ತಿರುಗಿಸಿ. ಪೈಪು ಜೋಡಿಸಿದ ಮೇಲೆ ಫ್ಯೂಯೆಲ್ ಮತ್ತು ಇಗ್ನಿಷನ್ ಎರಡೂ ನಿಲ್ಲಿಸಿ, ಆಯಿಲ್ ಪ್ರೆಷರ್ ಬರೋವರೆಗೂ ಸ್ವಲ್ಪ ಸ್ವಲ್ಪವೇ ಕ್ರ್ಯಾಂಕ್ ಮಾಡಿ. ಆಮೇಲೆ ಸ್ಟಾರ್ಟ್, ಕೆಲವು ನಿಮಿಷ ಐಡ್ಲಿಂಗ್ ಮಾತ್ರ. ಕೂಲಂಟ್‌ನಲ್ಲಿ ಗಾಳಿ ಉಳಿಯದ ಹಾಗೆ ತೆಗೆಯಿರಿ. ಹೊಸ ಭಾಗಗಳಿಗೆ ಅಂಟಿದ ಎಣ್ಣೆ ಸುಟ್ಟು ಮೊದಲಿಗೆ ಸ್ವಲ್ಪ ಹೊಗೆ ಬರುತ್ತೆ, ಗಾಬರಿ ಬೇಡ.

ನಾಲ್ಕನೇಗೇರ್

ಗಾಡಿ ರೆಡಿ. ತಣ್ಣನೆ ಸ್ಟಾರ್ಟಿನಲ್ಲಿ ಟಕ್ ಟಕ್ ಇಲ್ಲ. ಬೂಸ್ಟ್ ಮೊದಲಿಗಿಂತ ಕೆಳಗಿನ ಆರ್‌ಪಿಎಮ್‌ನಲ್ಲೇ ಬರ್ತಿದೆ. ಸ್ಕ್ಯಾನರ್ ಹಾಕಿದರೆ ಫ್ಯೂಯೆಲ್ ಟ್ರಿಮ್ (ಇಸಿಯು ಪೆಟ್ರೋಲನ್ನ ಎಷ್ಟು ಹೆಚ್ಚು ಕಮ್ಮಿ ಮಾಡ್ತಿದೆ ಅನ್ನೋ ಅಂಕಿ) ಕೂಡ ಸೊನ್ನೆಯ ಹತ್ತಿರಕ್ಕೆ ಬಂದಿದೆ, ಮೊದಲು ಐಡ್ಲಿಂಗಿನಲ್ಲಿ ಜಾಸ್ತಿ ಪ್ಲಸ್ ಇತ್ತು. ಬ್ರಾಕೆಟ್ಟಿಗೆ ಸರಿಯಾದ ಬೋಲ್ಟ್ ಹಾಕಿದ್ದೇನೆ.

ಎರಡು ಪ್ರಶ್ನೆ ಉಳಿದಿದೆ. ಟ್ರಿಮ್ ಯಾಕೆ ಪ್ಲಸ್ ಇತ್ತು, ಲೀಕ್ ಹೊರಗೆ ಅಲ್ಲವಾ ಹೋಗ್ತಿದ್ದದ್ದು? ಮತ್ತೆ, ಕೆಲವು ದಿನ ಓಡಿಸಿದ ಮೇಲೆ ನಟ್ಟುಗಳನ್ನ ಮತ್ತೆ ಬಿಗಿ ಮಾಡಬೇಕಾ?

ಅಳತೆಗಾರ

ಎಕ್ಸಾಸ್ಟ್ ಒಂದೇ ಸಮನೆ ಹರಿಯಲ್ಲ, ಬಡಿತ ಬಡಿತವಾಗಿ ಬರುತ್ತೆ. ಐಡ್ಲಿಂಗಿನಲ್ಲಿ ಒಂದು ಬಡಿತಕ್ಕೂ ಇನ್ನೊಂದಕ್ಕೂ ನಡುವೆ ಒತ್ತಡ ಇಳಿದಾಗ ಅದೇ ಸಂದಿನಿಂದ ಹೊರಗಿನ ಗಾಳಿ ಒಳಗೆ ಎಳೆದುಕೊಳ್ಳುತ್ತೆ. ಮುಂದಿರೋ ಆಕ್ಸಿಜನ್ ಸೆನ್ಸರಿಗೆ ಆ ಗಾಳಿ ತಾಗಿ, ಪೆಟ್ರೋಲ್ ಕಮ್ಮಿ ಆಯಿತು ಅಂತ ತಿಳಿದು ಇಸಿಯು ಹೆಚ್ಚು ಪೆಟ್ರೋಲ್ ಹಾಕುತ್ತೆ. ಲೋಡಿನಲ್ಲಿ ಟರ್ಬೈನಿಗೆ ಮುಂಚಿನ ಒತ್ತಡ ಯಾವಾಗಲೂ ಹೆಚ್ಚಿರೋದರಿಂದ ಆಗ ಹೊರಗೇ ಸೋರುತ್ತೆ.

ವಾಹನಪ್ರಿಯೆ

ಮತ್ತೆ ಬಿಗಿ ಮಾಡೋದು ಮ್ಯಾನುಯಲ್ ಹೇಳಿದರೆ ಮಾತ್ರ. ಪದರದ ಉಕ್ಕಿನ ಗ್ಯಾಸ್ಕೆಟ್, ಲಾಕಿಂಗ್ ನಟ್ ಇದ್ದಾಗ ಸಾಮಾನ್ಯವಾಗಿ ಬೇಕಾಗಲ್ಲ. ಕಾಂಪೋಸಿಟ್ ಗ್ಯಾಸ್ಕೆಟ್ ಹಾಕಿದ್ದರೆ ಕೆಲವು ಸಲ ಬಿಸಿ-ತಣ್ಣಗೆ ಆದಮೇಲೆ ಅದು ಸ್ವಲ್ಪ ಒತ್ತಿಹೋಗುತ್ತೆ, ಆಗ ಪೂರ್ತಿ ತಣ್ಣನೆ ಎಂಜಿನ್ನಿನಲ್ಲಿ ಅದೇ ಟಾರ್ಕಿಗೆ ಒಮ್ಮೆ ಪರೀಕ್ಷಿಸಿ. ಬಿಸಿಯಲ್ಲಿ ಮುಟ್ಟಬೇಡಿ. ಪಕ್ಕದಲ್ಲೇ ಟರ್ಬೊದಿಂದ ಡೌನ್‌ಪೈಪಿಗೆ ಹೋಗೋ ಜೋಡಣೆ ಇದೆಯಲ್ಲ, ಮುಂದಿನ ಆಯಿಲ್ ಬದಲಾವಣೆಯ ಹೊತ್ತಿಗೆ ಟಾರ್ಚ್ ಹಾಕಿ ಅಲ್ಲೂ ಮಸಿ ಗುರುತು ಇದೆಯಾ ನೋಡಿ, ಬ್ರಾಕೆಟ್ ಬೋಲ್ಟ್ ಬಿಗಿ ಇದೆಯಾ ಅಂತ ಕೈಯಿಟ್ಟು ನೋಡಿ.

ನಾಲ್ಕನೇಗೇರ್

ಮ್ಯಾನುಯಲ್‌ನಲ್ಲಿ ಮತ್ತೆ ಬಿಗಿ ಮಾಡಲು ಹೇಳಿಲ್ಲ, ಹಾಗಾಗಿ ಮುಟ್ಟಲ್ಲ. ಬ್ರಾಕೆಟ್ ಬೋಲ್ಟಿಗೂ ಬ್ಲಾಕಿಗೂ ಸೇರಿಸಿ ಬಿಳಿ ಪೇಂಟಿನಲ್ಲಿ ಗೆರೆ ಹಾಕಿದ್ದೇನೆ, ತಿರುಗಿದರೆ ತಕ್ಷಣ ಗೊತ್ತಾಗುತ್ತೆ. ಹಳೇಪಾನಾ ಸರ್, ಬೆಸುಗೆಕೈ, ಲೇತ್‌ಮನೆ, ಅಳತೆಗಾರ, ಮೇಡಂ, ಎಲ್ಲರಿಗೂ ಮನಸಾರೆ ಧನ್ಯವಾದ.